ಅರಿಯದ ಕೈ

ಎಡಗೈ ಮೇಲೆ ಕೂತ ಸೊಳ್ಳೆ ಹೊಟ್ಟೆ ತುಂಬಿಸಿಕೊಂಡು ತಾನಾಗಿ ಹಾರಿಹೋಗುವವರೆಗೂ ಉತ್ಪಲಾ ಕಾದಳು. ಬಲಗೈಯಲ್ಲಿ ರಕ್ತ ಸವರಿದ ಗಾಜಿನ ಪಟ್ಟಿ ಇತ್ತು. ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರಿಂದ ಊದಿ ಓಡಿಸುವಂತೆಯೂ ಇರಲಿಲ್ಲ. ಬಡಿಯುವ ಯೋಚನೆಯಂತೂ ಅವಳಿಗೆ ಬರಲೇ ಇಲ್ಲ. ಬಂದಿದ್ದರೆ ಕೈ ಅರ್ಧದಲ್ಲೇ ಮರಗಟ್ಟಿ ನಿಲ್ಲುತ್ತಿತ್ತು, ಹೊಟ್ಟೆ ತೊಳಸಿ ಕಣ್ಣು ಕತ್ತಲೆಗಟ್ಟುತ್ತಿತ್ತು. ಅದಕ್ಕೆ ಜನ ಇಟ್ಟ ಹೆಸರು ಹಿಡಿತ. ಅವಳ ಊರಿನ ಮಕ್ಕಳಿಗೆ ಹಿಡಿತದ ಪರಿಚಯ ಆಗುವುದು ಇರುವೆ ಹೊಸಕಲು ಹೋಗಿ ಅಂಗಳದಲ್ಲಿ ವಾಂತಿ ಮಾಡಿಕೊಂಡಾಗ. ಒಂದೆರಡು ಸಲ ಹಾಗಾದರೆ ಸಾಕು, ಮನಸ್ಸು ಆ ದಾರಿ ತುಳಿಯುವುದನ್ನೇ ಬಿಟ್ಟುಬಿಡುತ್ತದೆ.

ಉತ್ಪಲಾಳ ಅಜ್ಜಿ ಹರೆಯದವಳಿದ್ದ ಕಾಲಕ್ಕೆ ಲೋಕ ಕಡಿದಾಡಿಕೊಂಡು ಸುಸ್ತಾಗಿತ್ತು. ಆಗ ಮಿದುಳಿನ ವಿಜ್ಞಾನಿಗಳು ಒಂದು ಸಂಗತಿ ಕಂಡುಕೊಂಡರು. ಕೈ ಏಳುವುದಕ್ಕೆ ತುಸು ಮೊದಲು ಮಿದುಳಿನ ಒಂದು ಮೂಲೆಯಲ್ಲಿ ‘ಮಾಡುತ್ತೇನೆ’ ಎಂಬ ಮಿಡಿತ ಏಳುತ್ತದೆ. ಆ ಮೂಲೆಗೆ ಹೋಗಿ ಕೂರುವಂಥ ಜೀವಕೋಶದ ಎಳೆಯೊಂದನ್ನು ಅವರು ಪ್ರಯೋಗಾಲಯದಲ್ಲಿ ಬೆಳೆಸಿದರು. ಮೂಗಿಗೆ ಒಂದು ಹನಿ ಬಿಟ್ಟರೆ ಎಳೆ ತಾನೇ ದಾರಿ ಹುಡುಕಿಕೊಂಡು ಮೇಲೇರುತ್ತದೆ, ಜೀವನಪೂರ್ತಿ ಅಲ್ಲೇ ಕೂತು ಆಲಿಸುತ್ತದೆ. ಇದು ಜೀವ, ಇದು ಜೀವವೆಂದು ನನಗೆ ಗೊತ್ತು, ಇದನ್ನು ಕೊಲ್ಲುತ್ತೇನೆ – ಈ ಮೂರೂ ಮನಸ್ಸಿನಲ್ಲಿ ಕೂಡಿದವೋ, ಎದೆಯಿಂದ ಹೊಟ್ಟೆಗೆ ಇಳಿಯುವ ನರವನ್ನು ಜಗ್ಗುತ್ತದೆ. ಕದಿಯಲು ಹೋದರೂ ಅಷ್ಟೇ, ಒಲ್ಲೆ ಅಂದವರ ಮೈ ಮುಟ್ಟಹೋದರೂ ಅಷ್ಟೇ, ಸುಳ್ಳಾಡಲು ಬಾಯಿ ತೆರೆದರೂ ಅಷ್ಟೇ, ಹೆಂಡದ ಲೋಟ ತುಟಿಗೆ ತಂದರೂ ಅಷ್ಟೇ. ಬುದ್ಧ ಹೇಳಿದ ಐದು ಶೀಲಗಳು ಹೀಗೆ ಮನುಷ್ಯನ ಮಾಂಸದೊಳಗೆ ಬಂದು ಕೂತವು. ತೊಟ್ಟಿಲು ಹಾಕುವ ದಿನ ಕೂಸಿಗೆ ಹೆಸರಿಟ್ಟು ಸಕ್ಕರೆ ಹಂಚುವ ಮೊದಲು ಮೂಗಿಗೆ ಹನಿ ಬಿಡುವುದು ಪದ್ಧತಿಯಾಯಿತು.

ಯಾರೂ ಬಲವಂತ ಮಾಡಿರಲಿಲ್ಲ. ಜನ ಬಿಸಿಲಲ್ಲಿ ಸಾಲುಗಟ್ಟಿ ನಿಂತು ಹನಿ ಹಾಕಿಸಿಕೊಂಡಿದ್ದರು. ಬೌದ್ಧ ವಿಹಾರದ ಮುದಿ ಭಿಕ್ಷು ಭಂತೇಜಿ ಒಬ್ಬರು ಮಾತ್ರ ಹನಿ ಬೇಡವೆಂದಿದ್ದರಂತೆ. "ಶೀಲ ಅಂದ್ರ ನಾ ಕೈಗೊಳ್ಳೂದು. ಅದು ನನ್ನ ಕೈ ಹಿಡಕೊಂಡು ಕೂಡೂದಲ್ಲ" ಎಂದರಂತೆ. ಅಜ್ಜಿ ಅಲ್ಲೇ ತಿರುಗಿ, "ಭಂತೇಜಿ, ನಿಮ್ಮನ್ನ ಯಾರೂ ಬಾವಿಕಟ್ಟಿ ಮ್ಯಾಲಿಂದ ದಬ್ಬಿಲ್ಲ" ಅಂದಿದ್ದಳು. ಅವಳ ತಮ್ಮನನ್ನು ದಬ್ಬಿದ್ದರು, ನೀರು ಮುಟ್ಟಿದ ತಪ್ಪಿಗೆ. ಹನಿ ಬಂದ ಮೇಲೆ ಅಂಥದ್ದು ಎಲ್ಲಿಯೂ ನಡೆಯಲಿಲ್ಲ. ಬೀಗಗಳು ತುಕ್ಕು ಹಿಡಿದವು. ಪೊಲೀಸ್ ಠಾಣೆಯಲ್ಲಿ ಜೋಳ ತುಂಬಿಟ್ಟರು. ಹೆಣ್ಣುಮಕ್ಕಳು ಹೊತ್ತು ಮುಳುಗಿದ ಮೇಲೂ ಹತ್ತಿಹೊಲದಿಂದ ಹಾಡಿಕೊಂಡು ಒಬ್ಬೊಬ್ಬರೇ ಬಂದರು. ಇದರಿಂದ ಒಳ್ಳೆಯದಾಗಲಿಲ್ಲ ಅನ್ನುವವರು ಹಿಂದಿನ ಕಾಲ ಕಂಡವರಲ್ಲ, ಅಂಥವರ ಮಾತು ಬಿಡಿ.

ತೊಡಕು ಬಂದದ್ದು ‘ಗೊತ್ತು’ ಎಂಬ ಒಂದು ಕಡೆಯಿಂದ. ಎಳೆಗೆ ತನ್ನದೇ ಆದ ಬುದ್ಧಿ ಇಲ್ಲ, ಮನುಷ್ಯನಿಗೆ ಏನು ಗೊತ್ತೋ ಅಷ್ಟೇ ಅದಕ್ಕೂ ಗೊತ್ತು. ಅರಿಯದೆ ತುಳಿದರೆ ಹಿಡಿತವಿಲ್ಲ. ಹಾಗಾಗಿ ಹೆಚ್ಚು ಕಲಿತವರ ಕೈಯೇ ಮೊದಲು ಕಟ್ಟಿಹೋಯಿತು. ರಕ್ತದಲ್ಲಿ ಚಳಿಜ್ವರದ ಜೀವಿಯನ್ನು ಕಣ್ಣಾರೆ ಕಂಡ ಡಾಕ್ಟರಿಗೆ ಅದನ್ನು ಕೊಲ್ಲುವ ಔಷಧಿ ಕುಡಿಸಲು ಆಗದು. ಕುಡಿಯುವವನಿಗೆ ತಿಳಿದಿದ್ದರೆ ಅವನ ಗಂಟಲೇ ಮುಚ್ಚಿಕೊಳ್ಳುತ್ತದೆ. ಯಂತ್ರದಿಂದ ಮಾಡಿಸಬಹುದಿತ್ತಲ್ಲ ಎಂದರೆ, ಗುಂಡಿ ಒತ್ತುವ ಬೆರಳು ಯಾರದು? ಕೊನೆಗೆ ಒಂದೊಂದು ದವಾಖಾನೆಯೂ ಒಂದೊಂದು ಅರಿಯದ ಕೈಯನ್ನು ಸಾಕತೊಡಗಿತು. ಏನೂ ತಿಳಿಯಗೊಡದೆ ಬೆಳೆಸಿದ ಹೆಣ್ಣುಮಗಳು ಅವಳು, ಜನ ಅವಳನ್ನು ಕೈತಾಯಿ ಎಂದರು.

ಬೆಟ್ಟದ ಕೆಳಗಿನ ಆ ಊರಿನ ದವಾಖಾನೆಯ ಕೈತಾಯಿ ತಾಯವ್ವ. ದೂರದಿಂದ ನೋಡಿದರೆ ಬುದ್ಧ ಮಗ್ಗುಲಾಗಿ ಮಲಗಿದಂತೆ ಕಾಣುವ ಬೆಟ್ಟ ಅದು, ಪ್ರಯೋಗಾಲಯದ ಕಿಟಕಿಯಿಂದ ಮುಖ, ಎದೆ, ಹೊಟ್ಟೆ ಎಲ್ಲ ಬೇರೆಬೇರೆಯಾಗಿ ತೋರುತ್ತಿತ್ತು. ತಾಯವ್ವನಿಗೆ ಅದು ಬೆಟ್ಟವೆಂದೂ ಯಾರೂ ಹೇಳಿರಲಿಲ್ಲ. ತೊಟ್ಟಿಲ ಕೂಸಾಗಿದ್ದಾಗಲೇ ಅವಳನ್ನು ತಂದು ವಾರ್ಡಿನ ಹಿಂದಿನ ಕೋಣೆಯಲ್ಲಿ ಬೆಳೆಸಿದ್ದರು. ಅವಳಿಗೆ ಮೊದಲ ಊಟ, ಮೆತ್ತನೆಯ ಹಾಸಿಗೆ, ಹಬ್ಬಕ್ಕೆ ಇಳಕಲ್ ಸೀರೆ, ದವಾಖಾನೆಯೊಳಗೆ ಹೋದಲ್ಲಿ ಬಂದಲ್ಲಿ ನಮಸ್ಕಾರ. ಅಕ್ಷರ ಮಾತ್ರ ಇಲ್ಲ. ಮಂಚದ ಕಾಲಿಗೆ ಕೆಂಪು ದಾರ ಕಟ್ಟಿದ್ದಲ್ಲಿ ಕೂಸಿಗೆ ಹಾಲು ಹಾಕುವಂಥ ಬೆಳ್ಳಿಯ ಒಳಲೆಯಿಂದ ಕಹಿನೀರು ಕುಡಿಸುವುದು ಅವಳ ಕೆಲಸ. ಅವಳು ಏನು ಕೇಳಿದರೂ ಜನ ಬಗ್ಗಿ ಪಾದ ಮುಟ್ಟಿ, "ಕೇಳಬ್ಯಾಡ ತಾಯಿ" ಅನ್ನುತ್ತಿದ್ದರು. ಸುಳ್ಳು ಹೇಳಲು ಬಾರದ ಊರಿನಲ್ಲಿ ಬೇರೆ ಉಪಾಯವಿರಲಿಲ್ಲ. ಆ ಮಾತಿನ ಮೇಲೆ ಯಾರೂ ಮಾತು ಬೆಳೆಸುತ್ತಿರಲಿಲ್ಲ.

ಉತ್ಪಲಾಳ ಕೆಲಸ ಮೈಕ್ರೋಸ್ಕೋಪಿನಲ್ಲಿ ರಕ್ತ ನೋಡುವುದು. ಜೀವಿ ಕಂಡರೆ ಗಾಜನ್ನು ಕೆಂಪು ಬುಟ್ಟಿಗೆ ಹಾಕುವುದು, ಕಾಣದಿದ್ದರೆ ಬಿಳಿ ಬುಟ್ಟಿಗೆ. ಕೆಂಪು ಬುಟ್ಟಿಯ ಆಚೆಗೆ ಏನಾಗುತ್ತದೆ ಎಂದು ಯೋಚಿಸದಿರುವುದನ್ನು ಅವಳಿಗೆ ಕಾಲೇಜಿನಲ್ಲಿ ಒಂದು ವಿಷಯವಾಗಿಯೇ ಕಲಿಸಿದ್ದರು. ಅದಕ್ಕೆ ಪರೀಕ್ಷೆಯೂ ಇತ್ತು, ಉತ್ಪಲಾ ಮೊದಲ ದರ್ಜೆಯಲ್ಲಿ ಪಾಸಾಗಿದ್ದಳು. ಆದರೆ ಮಗಳು ವಿಶಾಖಾಳನ್ನು ತೊಟ್ಟಿಲಿಗೆ ಹಾಕಿದ ದಿನ, ಹನಿ ಬಿಟ್ಟ ಮೂಗನ್ನು ಒರೆಸುತ್ತ, ಅವಳು ತನ್ನಷ್ಟಕ್ಕೆ ಒಂದು ಮಾತು ಕೊಟ್ಟುಕೊಂಡಿದ್ದಳು. ಈ ಕೂಸು ಏನೇ ಕೇಳಲಿ, ‘ಕೇಳಬ್ಯಾಡ ತಾಯಿ’ ಎಂಬ ಮಾತು ನನ್ನ ಬಾಯಿಂದ ಇದರ ಕಿವಿಗೆ ಬೀಳಬಾರದು. ತನ್ನ ಜನರನ್ನು ತಲೆಮಾರುಗಟ್ಟಲೆ ಏನನ್ನೂ ಕೇಳಲು ಬಿಡದೆ ಇಟ್ಟದ್ದನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವಳು ಅವಳು.

ವಿಶಾಖಾ ಎರಡನೇ ಇಯತ್ತೆಗೆ ಬಂದಿದ್ದಳು. ಶಾಲೆ ಬಿಟ್ಟೊಡನೆ ಓಡುತ್ತ ದವಾಖಾನೆಗೆ ಬರುವುದು ಅವಳ ರೂಢಿ. ಆ ದಿನವೂ ಬಂದು ಅಮ್ಮನ ತೊಡೆ ಏರಿದಳು.

"ಅವ್ವಾ, ನನಗೂ ತೋರಸು."

"ಒಂದು ಕಣ್ಣು ಮುಚ್ಚಿಕೊಂಡು ನೋಡು. ಗಾಜಿಗೆ ಕೈ ಹಚ್ಚಬ್ಯಾಡ."

"ಉಂಗುರ ಅದ! ಉಂಗುರದಾಗ ಕರೀ ಪುಡಿ ಕುಣ್ಲಾಕತ್ತದ!" ಹುಡುಗಿ ಉಸಿರು ಬಿಗಿಹಿಡಿದಳು. "ಅದಕ್ಕ ಜೀವ ಅದ ಏನು?"

"ಅದ."

"ಜ್ವರ ಬಿಟ್ಟ ಮ್ಯಾಲ ಇವು ಎಲ್ಲಿ ಹೋಗ್ತಾವ?"

ಕೆಂಪು ಬುಟ್ಟಿಯ ಆಚೆಗಿನ ಪ್ರಶ್ನೆ. ಊರಿನ ಬೇರೆ ಯಾವ ತಾಯಿಯಾದರೂ ಬಗ್ಗಿ ಮಗುವಿನ ಪಾದ ಮುಟ್ಟುತ್ತಿದ್ದಳು. ಉತ್ಪಲಾ "ತಾಯವ್ವನ ಕಹಿನೀರು ಕುಡುದ್ರ ಸಾಯ್ತಾವ" ಅಂದಳು.

"ಪಾಪ" ಎಂದಳು ವಿಶಾಖಾ. ಮತ್ತೆ ಗಾಜಿನ ಮೇಲೆ ಕಣ್ಣಿಟ್ಟು, "ಆದ್ರ ಜ್ವರ ಬಂದೋರು ಉಳೀತಾರ, ಹೌದಿಲ್ಲೋ?"

"ಹೌದು, ಉಳೀತಾರ."

ಹುಡುಗಿ ಸಮಾಧಾನಪಟ್ಟು ಇಳಿದುಹೋದಳು. ಮಗಳ ಬುದ್ಧಿ ನೋಡಿ ಉತ್ಪಲಾಳ ಎದೆಯುಬ್ಬಿತು. ತಾಯವ್ವನ ಮುಂದೆ ಹೇಳಬೇಡ ಎಂದು ಎಚ್ಚರಿಸಬೇಕೆಂದು ಅವಳಿಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಕೈತಾಯಿಗೆ ನಮಸ್ಕಾರ ಮಾಡುತ್ತಾರೆ, ಅವಳ ಜೊತೆ ಕೂತು ಹರಟೆ ಹೊಡೆಯುವವರು ಯಾರಿದ್ದಾರೆ?

ಮಾರನೆಯ ಬೆಳಿಗ್ಗೆ ವಾರ್ಡಿನಲ್ಲಿ ಬೆಳ್ಳಿಯ ಒಳಲೆ ಠಣ್ಣೆಂದು ಬಿದ್ದ ಸದ್ದು ಪ್ರಯೋಗಾಲಯದವರೆಗೂ ಕೇಳಿಸಿತು. ಉತ್ಪಲಾ ಓಡಿದಳು. ಸುತ್ತಮುತ್ತಲ ಊರುಗಳಲ್ಲೆಲ್ಲ ಚಳಿಜ್ವರ ಎದ್ದ ದಿನಗಳವು, ಮಂಚಗಳು ಸಾಲದೆ ನೆಲದ ಮೇಲೂ ಮಕ್ಕಳನ್ನು ಮಲಗಿಸಿದ್ದರು. ತಾಯವ್ವ ಗೋಡೆಗೆ ಒರಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಅವಳ ಬಲಗೈ ಮುಂದಕ್ಕೆ ಚಾಚಿದಲ್ಲೇ ಕಟ್ಟಿಗೆಯಂತೆ ನಿಂತಿತ್ತು.

"ಅಕ್ಕಾ, ಇರಿವಿ ಹೊಸಕಾಕ ಹೋದ್ರ ಬರ್ತದಲ್ಲ, ಅದು ಬಂತು" ಎಂದಳು ತಾಯವ್ವ, ಏದುಸಿರು ಬಿಡುತ್ತ. "ನಿನ್ನೆ ನಿಮ್ಮ ವಿಶಿ ನನ್ನ ಕೂಡ ಕುಂತಿತ್ತು. ನೀವು ಮನಿಗೆ ಹೋಗಿ ಏನ್ ಮಾಡ್ತೀರಿ ಅಂತ ಕೇಳಿದೆ. ಅದು ಎಲ್ಲಾ ಹೇಳ್ತು. ನನಗ ಹಿಂದ ಯಾರೂ ಏನೂ ಹೇಳಿದ್ದೇ ಇಲ್ಲ ನೋಡ್ರಿ. ಉಂಗುರದ ಕಥಿನೂ ಹೇಳ್ತು. ನನ್ನ ನೀರಿನಿಂದ ಅವು ಸಾಯ್ತಾವಂತ. ಖರೇ ಏನ್ರಿ ಅದು?"

ಮುಖ್ಯ ಡಾಕ್ಟರ್ ಶಾಂತಗೌಡರು ಹಿಂದಿನಿಂದ ಬಂದವರೇ ಗಾಬರಿಯಲ್ಲಿ ಬಗ್ಗಿ ಅವಳ ಪಾದ ಮುಟ್ಟಿ, "ಕೇಳಬ್ಯಾಡ ತಾಯಿ, ಕೇಳಬ್ಯಾಡ" ಅಂದರು. ಹೌದೋ ಅಲ್ಲವೋ ಎಂದು ಕೇಳಿದಾಗ ಆ ಮಾತು ಉತ್ತರವೇ ಆಗಿಬಿಡುತ್ತದೆ ಎಂಬುದು ಹೇಳಿದ ಮೇಲೆ ಅವರಿಗೆ ಹೊಳೆದಿರಬೇಕು, ಮುಖ ಬಿಳಿಚಿಕೊಂಡಿತು.

"ಅಂದ್ರ ಖರೇನೇ" ಎಂದಳು ತಾಯವ್ವ.

ಮಧ್ಯಾಹ್ನದ ಹೊತ್ತಿಗೆ ಇಡೀ ಊರಿಗೆ ಸುದ್ದಿ ಮುಟ್ಟಿತ್ತು. ಕೈತಾಯಿಗೆ ಏನಾಯಿತು ಎಂದು ಒಬ್ಬರನ್ನೊಬ್ಬರು ಕೇಳಿದರು, ಕೇಳಿದವರಿಗೆ ಹೇಳಿದರು. ಕಹಿನೀರು ಏನು ಮಾಡುತ್ತದೆ ಎಂದು ಅವರಲ್ಲಿ ಅರ್ಧ ಜನಕ್ಕೆ ಮೊದಲೇ ಒಳಗೊಳಗೆ ಅನುಮಾನವಿತ್ತು, ನೋಡಿಯೂ ನೋಡದಂತೆ ಇದ್ದರು. ಈಗ ಹಾಗಿರಲು ಬರಲಿಲ್ಲ. ವಾರ್ಡಿನಲ್ಲಿ ತಾಯಂದಿರು ತಮ್ಮ ತಮ್ಮ ಮಕ್ಕಳಿಗೆ ತಾವೇ ಕುಡಿಸಲು ನೋಡಿದರು. ಒಳಲೆ ಮಗುವಿನ ತುಟಿಯ ಹತ್ತಿರ ಬರುವಷ್ಟರಲ್ಲಿ ಕೈ ಮರಗಟ್ಟುತ್ತಿತ್ತು. ಒಬ್ಬಳಾದ ಮೇಲೆ ಒಬ್ಬಳು, ಸಾಲಿನ ಈ ತುದಿಯಿಂದ ಆ ತುದಿಯವರೆಗೆ, ಚಾಚಿದ ಕೈ ಚಾಚಿದಂತೆಯೇ ಕೂತು ಗೋಳಾಡಿದರು. ಅವರ ನಡುವೆ ಉತ್ಪಲಾಳ ಪಕ್ಕದ ಮನೆಯ ಹಲೀಮಾಳೂ ಇದ್ದಳು. ಅವಳ ಮಗ ಜಾಫರ್ ವಿಶಾಖಾಳ ತರಗತಿಯವನು.

ಶಾಂತಗೌಡರು ಊರೂರಿಗೆ ಫೋನು ಹಚ್ಚಿ ಇನ್ನೊಬ್ಬ ಕೈತಾಯಿಯನ್ನು ಬೇಡಿದರು. ಎಲ್ಲ ಕಡೆಯೂ ಜ್ವರ, ಯಾರೂ ತಮ್ಮವಳನ್ನು ಬಿಟ್ಟುಕೊಡಲಿಲ್ಲ. ಹೊಸದಾಗಿ ಬೆಳೆಸಬೇಕೆಂದರೆ ತೊಟ್ಟಿಲಿನಿಂದ ಹಿಡಿಯಬೇಕು.

ಜಾಫರ್ ತೀರಿಕೊಂಡ ಸಂಜೆ ಹಲೀಮಾ ಉತ್ಪಲಾಳ ಅಂಗಳಕ್ಕೆ ಬಂದು ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ.

"ಉತ್ಪಲಾ, ನಿನ್ನ ಮಗಳ ಮಾತಿನಿಂದ ನನ್ನ ಮಗ ಹೋದ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹಂಗ ಅನಬಾರದು ಅಂತ ದಾರಿತುಂಬ ನನಗ ನಾನೇ ಹೇಳಿಕೊಂಡು ಬಂದೆ. ಆದ್ರ ಬ್ಯಾರೆ ಏನ್ ಹೇಳಲಿ? ನಿನ್ನ ಮ್ಯಾಲ ಏನೂ ಇಲ್ಲ ಅಂದ್ರ ಸುಳ್ಳಾಗ್ತದ."

ಉತ್ಪಲಾಳ ಗಂಡ ಸಿದ್ರಾಮ, ಶಾಲೆಯ ಮಾಸ್ತರ, ಬಾಗಿಲಲ್ಲಿ ತಲೆತಗ್ಗಿಸಿ ನಿಂತಿದ್ದ. ಹಿಂದಿನ ಕಾಲದಲ್ಲಿ ಇಂಥ ಹೊತ್ತಿಗೆ ಜನ ಏನಾದರೊಂದು ಸುಳ್ಳುಪಳ್ಳು ಹೇಳಿ ಒಬ್ಬರ ಕಣ್ಣೀರು ಒಬ್ಬರು ಒರೆಸುತ್ತಿದ್ದರಂತೆ. ಇವರಿಗೆ ಆ ಅನುಕೂಲವಿರಲಿಲ್ಲ. 

ಒಳಗೆ ಚಾಪೆಯ ಮೇಲೆ ಮಲಗಿದ್ದ ವಿಶಾಖಾ ಅದನ್ನೆಲ್ಲ ಕೇಳಿಸಿಕೊಂಡಿದ್ದಳು. ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಮಧ್ಯಾಹ್ನದಿಂದ ಅವಳಿಗೂ ಚಳಿ ಹತ್ತಿತ್ತು.

"ಅವ್ವಾ, ಜಾಫರ್ ನನ್ನಿಂದ ಸತ್ತನಾ?"

"ನೀ ಖರೇ ಹೇಳಿದಿ ಮಗಳೆ. ಖರೇ ಹೇಳೂದು ತಪ್ಪಲ್ಲ."

"ನಾ ಕೇಳಿದ್ದು ಅದಲ್ಲ."

ಉತ್ಪಲಾ ಅವಳನ್ನು ಎದೆಗವಚಿಕೊಂಡಳು. ಮೈ ಕಾದ ಹಂಚಿನಂತಿತ್ತು. "ಜಾಫರ್‌ಗ ಔಷಧ ಸಿಗಲಿಲ್ಲ. ನಿನಗ ಗೊತ್ತಿರಲಿಲ್ಲ. ನನಗ ಗೊತ್ತಿರಬೇಕಿತ್ತು."

"ನಾನೂ ಸಾಯ್ತೀನಾ?"

"ಗೊತ್ತಿಲ್ಲವ್ವ." ಗೊತ್ತಿರಲಿಲ್ಲ, ಅದೊಂದೇ ಪುಣ್ಯ. ಗೊತ್ತಿದ್ದಿದ್ದರೆ ಅದನ್ನೂ ಹೇಳಬೇಕಾಗುತ್ತಿತ್ತು.

ಉತ್ಪಲಾ ತಾನೇ ರಕ್ತ ಪರೀಕ್ಷೆ ಮಾಡಿದಳು. ಮಗಳ ಬೆರಳಿಗೆ ಸೂಜಿ ಚುಚ್ಚಿ, ರಕ್ತವನ್ನು ದವಾಖಾನೆಗೆ ಒಯ್ದು ಅದೇ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದಾಗ ಉಂಗುರಗಳು ಕಿಕ್ಕಿರಿದಿದ್ದವು. ಒಂದೊಂದರೊಳಗೂ ಕರಿ ಪುಡಿ ಕುಣಿಯುತ್ತಿತ್ತು. ಆ ಗಾಜನ್ನು ಉತ್ಪಲಾ ಕೆಂಪು ಬುಟ್ಟಿಗೆ ಹಾಕಿದಳು. ಬುಟ್ಟಿಯ ಆಚೆ ಈಗ ಯಾರೂ ಇರಲಿಲ್ಲ.

ಕಹಿನೀರಿನ ಸೀಸೆಯನ್ನು ಅವಳು ಮನೆಗೆ ತಂದಳು. ಕೇಳಿಯೇ ತಂದಳು. ವಿಶಾಖಾಳಿಗೆ ಜ್ವರ ತಲೆಗೇರಿ ಎಚ್ಚರ ತಪ್ಪಿತ್ತು, ಹಾಗಾಗಿ ಗಂಟಲು ಮುಚ್ಚಿಕೊಳ್ಳುವ ಭಯವಿರಲಿಲ್ಲ. ಕುಡಿಸುವ ಕೈಯೊಂದು ಬೇಕಿತ್ತು. ಉತ್ಪಲಾ ಒಳಲೆ ತುಂಬಿದಳು. ಇದು ನೀರು, ಬರೀ ನೀರು, ಎಂದುಕೊಂಡಳು, ತನ್ನೊಳಗೇ ಹೇಳಿಕೊಂಡ ಆ ಸುಳ್ಳಿಗೇ ಹೊಟ್ಟೆ ತಿರುವಿತು. ಕಾಲೇಜಿನಲ್ಲಿ ಕಲಿತಂತೆ ಆಚೆಗಿನದನ್ನು ಯೋಚಿಸದಿರಲು ನೋಡಿದಳು, ಕಣ್ಣ ಮುಂದೆ ಉಂಗುರಗಳೇ ಬಂದವು. ಕೊಲ್ಲುತ್ತಿಲ್ಲ, ನನ್ನ ಮಗುವನ್ನು ಉಳಿಸುತ್ತಿದ್ದೇನೆ ಎಂದು ಬಾಯಿಬಿಟ್ಟು ಕೂಗಿದಳು. ಅದೂ ನಿಜವೇ. ಆದರೆ ಎಳೆಗೆ ಅಷ್ಟು ದೂರದ ನಿಜ ಕೇಳಿಸುವುದಿಲ್ಲ. ಒಳಲೆಯ ಮೂತಿ ಮಗಳ ತುಟಿಯಿಂದ ನಾಲ್ಕು ಬೆರಳು ಆಚೆ ನಿಂತಿತು. ಉತ್ಪಲಾ ಎಡಗೈಯಿಂದ ಬಲಗೈಯನ್ನು ದಬ್ಬಿದಳು, ಎಡಗೈಯೂ ಸೆಟೆಯಿತು. ಎದೆಯೊಳಗೆ ಯಾರೋ ಮುಷ್ಟಿ ಬಿಗಿದಂತಾಗಿ ಅವಳು ಉರುಳಿಬಿದ್ದಾಗ ಸಿದ್ರಾಮ ಹಿಡಿದುಕೊಂಡ. ಅವನ ಅಂಗಿಯ ಮೇಲೂ ವಾಂತಿಯಾಗಿತ್ತು. ಅವನು ಅವಳಿಗಿಂತ ಮೊದಲೇ ಯತ್ನಿಸಿ ಸೋತಿದ್ದ.

ಮರುದಿನ ಬಿಸಿಲೇರುವ ಹೊತ್ತಿಗೆ ತಾಯವ್ವ ಬಂದಳು. ಕೂಸಾಗಿ ಬಂದಾಗಿನಿಂದ ದವಾಖಾನೆಯ ಗೇಟು ದಾಟದವಳು, ದಾರಿ ಕೇಳಿಕೊಂಡು ಬಂದಿದ್ದಳು. ವಿಶಾಖಾಳ ತಲೆಯ ಹತ್ತಿರ ಕೂತು ಬೀಸಣಿಕೆ ತೆಗೆದುಕೊಂಡಳು.

"ನಾನೂ ನೋಡಿದೆ ಅಕ್ಕಾ" ಎಂದಳು. "ವಾರ್ಡಿನಾಗ ಎಲ್ಲಾ ಕೂಸುಗೋಳಿಗೂ ಹಾಕಾಕ ನೋಡಿದೆ. ಕೈ ಬರವಲ್ದು." ಬೀಸಣಿಕೆಯನ್ನು ಇನ್ನೊಂದು ಕೈಗೆ ಬದಲಿಸಿ, "ಇಷ್ಟು ವರ್ಷ ನನ್ನ ಕೈಲೆ ಏನ್ ಮಾಡಿಸಿದ್ರಿ ನೀವು? ನನ್ನ ಒಂದು ಮಾತು ಕೇಳಲಿಲ್ಲ."

"ಕೇಳಿದ್ರ ನಿನ್ನ ಕೈನೂ ಹೋಗ್ತಿತ್ತು ತಾಯವ್ವ."

"ಹೌದು. ಆದ್ರ ನನ್ನ ಕೈ ಹೋಗಬಾರದಂತ ಇಡೀ ನನ್ನನ್ನ ತಗೊಂಡ್ರಿ." ಅವಳು ಬೀಸುವುದನ್ನು ನಿಲ್ಲಿಸಲಿಲ್ಲ. "ಹೋಗಲಿ ಬಿಡ್ರಿ. ಇನ್ನ ಮ್ಯಾಲ ನಾ ಕೇಳಬಹುದಲ್ಲ?"

"ಕೇಳು."

"ಕಿಟಕಿಯಾಗ ಕಾಣ್ತದಲ್ಲ, ಅದು ಏನು?"

"ಬೆಟ್ಟ. ಬುದ್ಧ ಮಲಗ್ಯಾನ ಅಂತಾರ."

"ಬುದ್ಧ ಅಂದ್ರ ಯಾರು?"

ಮಗಳು ಉರಿಯುತ್ತ ಬಿದ್ದಿದ್ದಳು, ಉತ್ಪಲಾ ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಉತ್ತರ ಹೇಳುತ್ತ ಹೋದಳು. ಹತ್ತಿ ಎಲ್ಲಿಂದ ಬರುತ್ತದೆ, ಹಗಲಲ್ಲಿ ಚುಕ್ಕಿಗಳು ಎಲ್ಲಿರುತ್ತವೆ, ತನ್ನನ್ನು ಹೆತ್ತವಳು ಯಾರು, ಅಕ್ಷರ ಅಂದರೆ ಹೇಗಿರುತ್ತದೆ. ಇಪ್ಪತ್ತು ವರ್ಷ ತಡೆಹಿಡಿದ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಒಂದೊಂದಕ್ಕೂ ತಾಯವ್ವನ ಮುಖ ಅರಳುತ್ತಿತ್ತು, ಆ ಮನೆಯಲ್ಲಿ ಅದೊಂದೇ ಸುಖದ ಮುಖ. ಉತ್ಪಲಾಳಿಗೆ ಅವಳ ಮೇಲೆ ಅಸೂಯೆಯಾಯಿತು, ಅಸೂಯೆಪಟ್ಟದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆಗಾಗಲಿ ಅಸೂಯೆಗಾಗಲಿ ಹಿಡಿತ ಬರುವುದಿಲ್ಲ.

ವಿಶಾಖಾ ಸಾಯಲಿಲ್ಲ. ಔಷಧಿಯಿಲ್ಲದೆಯೂ ಒಬ್ಬೊಬ್ಬರು ಹಾಗೆ ಬದುಕಿಕೊಳ್ಳುವುದುಂಟು. ಜ್ವರ ತಾನಾಗಿ ಇಳಿದ ಬೆಳಿಗ್ಗೆ ಅವಳು ಕಣ್ಣು ತೆರೆದಾಗ ಉತ್ಪಲಾ ಕುಣಿದಾಡುವುದೊಂದು ಬಾಕಿ. "ವಿಶೀ" ಎಂದು ಕೂಗಿದಳು. ಹುಡುಗಿ ಆ ಕಡೆ ತಿರುಗಲಿಲ್ಲ. ಅದು ತನ್ನ ಹೆಸರೆಂದು ಅವಳಿಗೆ ಗೊತ್ತಾಗಲಿಲ್ಲ.

ತಲೆಗೇರಿದ ಜ್ವರ ಪಾಟಿ ಒರೆಸಿದಂತೆ ಒರೆಸಿ ಹೋಗಿತ್ತು. ಅವ್ವ ಎಂಬ ಮಾತು ಉಳಿದಿತ್ತು, ನೀರು, ಅನ್ನ, ಬೇಕು, ಬೇಡ ಇವು ಉಳಿದಿದ್ದವು. ನಡೆಯುತ್ತಿದ್ದಳು, ಕೊಟ್ಟದ್ದನ್ನು ಹಿಡಿಯುತ್ತಿದ್ದಳು. ಅಕ್ಷರ ಹೋಗಿದ್ದವು, ಜಾಫರ್ ಹೋಗಿದ್ದ, ಮೈಕ್ರೋಸ್ಕೋಪು ಹೋಗಿತ್ತು. ಎಲ್ಲಕ್ಕಿಂತ ಉತ್ಪಲಾಳ ಕರುಳು ಕಿತ್ತು ಬಂದದ್ದು ಅವಳು ಏನನ್ನೂ ಕೇಳದೆ ಸುಮ್ಮನೆ ಕೂರುವುದನ್ನು ನೋಡಿ.

"ಮತ್ತ ಕಲಿಸೋಣ" ಎಂದ ಸಿದ್ರಾಮ. ಅವನು ಅಂದೇ ಪಾಟಿ ತಂದು ‘ಅ’ ಬರೆದು ಮಗಳ ತೊಡೆಯ ಮೇಲಿಟ್ಟ. "ಇನ್ನೂ ಸಣ್ಣದು. ನಿಧಾನಕ ಬರ್ತದ. ಬಂದೇ ಬರ್ತದಂತ ಹೇಳಲ್ಲ, ಬರಬಹುದು ಅಂತೀನಿ."

ಶಾಂತಗೌಡರು ಬಂದದ್ದು ಆಗ. ಮಗುವಿನ ಕಣ್ಣು, ಮೊಣಕಾಲು ಪರೀಕ್ಷಿಸಿದರು. ಹೋಗಲು ಎದ್ದವರು ಹೊಸ್ತಿಲಲ್ಲಿ ನಿಂತರು.

"ನಾ ಏನೂ ಕೇಳಾಕ ಬಂದಿಲ್ಲ ಅಂದ್ರ ಸುಳ್ಳಾಗ್ತದ" ಎಂದರು. "ಅಕಿಗೆ ಈಗ ಏನೂ ಗೊತ್ತಿಲ್ಲ. ವಾರ್ಡು ತುಂಬೇದ. ಇದರ ಮ್ಯಾಲ ನಾ ಒಂದು ಮಾತೂ ಆಡಲ್ಲ."

ಸಿದ್ರಾಮ ಪಾಟಿ ಹಿಡಿದುಕೊಂಡು ಎದ್ದ. "ಡಾಕ್ಟರೆ, ಅಕಿ ಕಲೀಬಹುದು. ಒಮ್ಮೆ ಅಲ್ಲಿ ಕಾಲಿಟ್ರ ಮುಗೀತು, ಜಲಮದಾಗ ಯಾರೂ ಅಕಿಗೆ ಏನೂ ಹೇಳಂಗಿಲ್ಲ. ನಾವು ಸುದ್ದಾ."

"ಖರೇ ಅದ" ಎಂದು ಶಾಂತಗೌಡರು ಹೊರಟುಹೋದರು.

ಹಲೀಮಾ ಆ ದಿನವೇ ಬಂದಳು. ಈ ಸಲವೂ ಒಳಗೆ ಬರಲಿಲ್ಲ. "ನನ್ನ ಸಣ್ಣಾಕಿ ರುಬೀನಾಗೂ ಜ್ವರ ಬಂದದ" ಅಂದಳು. ಅಷ್ಟೇ ಹೇಳಿ ಅಂಗಳದಲ್ಲೇ ಕೂತಳು. ಉತ್ಪಲಾ ಬಾಗಿಲು ಹಾಕಿಕೊಂಡಳು. ಕಿಟಕಿಯಿಂದ ನೋಡಿದಾಗಲೂ ಅವಳು ಅಲ್ಲೇ ಇದ್ದಳು. ಮತ್ತೆ ನೋಡಿದಾಗ ಅವಳ ಹಿಂದೆ ಇನ್ನೂ ಹಲವರು ತಾಯಂದಿರು ಬಂದು ಕೂತಿದ್ದರು. ಯಾರೂ ಬೇಡಲಿಲ್ಲ, ಬೈಯಲಿಲ್ಲ, ಬಾಗಿಲು ಬಡಿಯಲಿಲ್ಲ. ಯಾರನ್ನೂ ಬಲವಂತ ಮಾಡದ ಜನ ಅವರು.

ಉತ್ಪಲಾ ಹೂಂ ಎಂದು ಯಾರಿಗೂ ಹೇಳಲಿಲ್ಲ. ಮಗಳಿಗೆ ತಲೆ ಬಾಚಿ, ಒಗೆದ ಲಂಗ ಉಡಿಸಿ, ಕೈಹಿಡಿದು ಹೊರಟಳು. "ಎಲ್ಲಿಗೆ?" ಎಂದ ಸಿದ್ರಾಮ. "ವಾರ್ಡಿಗೆ" ಅಂದಳು. ಅವನು ಪಾಟಿಯನ್ನು ಎದೆಗೆ ಹಿಡಿದು ಗೋಡೆಯ ಕಡೆ ತಿರುಗಿ ಕೂತ.

ಅಂಗಳದಲ್ಲಿ ಕೂತಿದ್ದ ತಾಯಂದಿರೂ ಹಿಂದೆಯೇ ವಾರ್ಡಿಗೆ ಬಂದರು. ಮಂಚದ ಸಾಲಿನ ಮೊದಲಿಗೇ ರುಬೀನಾ ಇದ್ದಳು. ಮಂಚದ ಕಾಲಿಗೆ ಕೆಂಪು ದಾರ ಯಾರು ಕಟ್ಟಿದ್ದರೋ, ಕಟ್ಟಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ತುಂಬಿದ ಒಳಲೆ ಇತ್ತು. ಕಿಟಕಿಯಿಂದ ಬಂದ ಬಿಸಿಲು ಅದರ ಮೇಲೆ ಬಿದ್ದು ಹೊಳೆಯುತ್ತಿತ್ತು. ವಿಶಾಖಾ ಹೊಳೆಯುವುದನ್ನು ಕಂಡು ತಾನಾಗಿ ಕೈಗೆ ತೆಗೆದುಕೊಂಡಳು. ಸಾಲಿನ ತಾಯಂದಿರೆಲ್ಲ ಅತ್ತ ತಿರುಗಿದರು. ಬಾಗಿಲಲ್ಲಿ ತಾಯವ್ವ ನಿಂತಿದ್ದಳು. ಅವಳು ರಾತ್ರಿಶಾಲೆಗೆ ಹೆಸರು ಹಚ್ಚಿದ್ದಳು, ಕಂಕುಳಲ್ಲಿ ಹೊಸ ಪುಸ್ತಕವಿತ್ತು.

ಜ್ವರದಲ್ಲಿ ಎಚ್ಚರ ತಪ್ಪಿದ್ದ ರುಬೀನಾಳ ಬಾಯಿ ಒಣಗಿ ತೆರೆದಿತ್ತು. ವಿಶಾಖಾ ಆ ಬಾಯಿಯನ್ನು ನೋಡಿದಳು, ಒಳಲೆಯೊಳಗೆ ಇಣುಕಿದಳು, ಮೂಸಿದಳು. ಅವಳ ಹುಬ್ಬು ಗಂಟಿಕ್ಕಿತು. ಜ್ವರಕ್ಕೆ ಮುಂಚೆ ಅಮ್ಮನ ತೊಡೆ ಏರಿ ಕೂತಾಗ ಗಂಟಿಕ್ಕುತ್ತಿದ್ದ ಹಾಗೆಯೇ. ಅವಳು ತಲೆಯೆತ್ತಿ ಉತ್ಪಲಾಳನ್ನು ನೋಡಿದಳು.

"ಅವ್ವಾ, ಇದು ಏನು?"

ಜ್ವರ ಬಿಟ್ಟ ಮೇಲೆ ಮಗಳು ಕೇಳಿದ ಮೊದಲ ಪ್ರಶ್ನೆ. ಕಳೆದುಹೋದವಳು ಹಿಂದಿರುಗಿ ಬರುವ ದಾರಿ ಅಲ್ಲಿತ್ತು, ಅಷ್ಟು ಹತ್ತಿರ. ಉತ್ತರ ಹೇಳಿದರೆ ಮಗಳು ಮನೆಗೆ ಬರುತ್ತಾಳೆ, ಈ ಸಾಲಿನ ಮಕ್ಕಳು ಬದುಕಲಾರರು. ಹೇಳದಿದ್ದರೆ ಮಕ್ಕಳು ಮನೆಗೆ ಹೋಗುತ್ತಾರೆ, ಮಗಳು ಇಲ್ಲೇ ಉಳಿಯುತ್ತಾಳೆ. ಉತ್ಪಲಾ ಹಿಡಿತಕ್ಕಾಗಿ ಕಾದಳು. ನಾಲಿಗೆ ಸೆಟೆಯಲಿ, ಎದೆ ಬಿಗಿಯಲಿ, ಏನಾದರೂ ಬಂದು ತನ್ನನ್ನು ತಡೆಯಲಿ, ಆ ಕಡೆಯಿಂದಾದರೂ ಸರಿ, ಈ ಕಡೆಯಿಂದಾದರೂ ಸರಿ. ಏನೂ ಬರಲಿಲ್ಲ. ಹೇಳುವುದೂ ಕೊಲೆಯಲ್ಲ, ಹೇಳದಿರುವುದೂ ಸುಳ್ಳಲ್ಲ. ಐದರಲ್ಲಿ ಯಾವುದರೊಳಗೂ ಇದು ಬರುವುದಿಲ್ಲ. ನಾ ಕೈಗೊಳ್ಳೂದು, ಎಂದಿದ್ದರಂತೆ ಆ ಮುದಿ ಭಂತೇಜಿ. ಹುಟ್ಟಿದಾಗಿನಿಂದ ಅವಳ ಕೈ ಹಿಡಿದುಕೊಂಡು ಬಂದದ್ದು ಈಗ ಬಿಟ್ಟುಬಿಟ್ಟಿತ್ತು.

ರುಬೀನಾ ನರಳಿದಳು. ಹಲೀಮಾ ಬಾಯಿಗೆ ಸೆರಗು ತುರುಕಿಕೊಂಡಳು.

ಉತ್ಪಲಾ ಬಗ್ಗಿದಳು. ಮಗಳ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದಳು. ತೊಟ್ಟಿಲಲ್ಲಿದ್ದಾಗ ಎಣ್ಣೆ ತಿಕ್ಕುತ್ತಿದ್ದ ಪಾದಗಳವು.

"ಕೇಳಬ್ಯಾಡ ತಾಯಿ" ಎಂದಳು.

ಬಾಗಿಲಲ್ಲಿ ತಾಯವ್ವನ ಕಂಕುಳಿಂದ ಪುಸ್ತಕ ಜಾರಿ ಬಿತ್ತು. ಅವಳು ಬಾಯಿ ತೆರೆದಳು, ರುಬೀನಾಳನ್ನು ನೋಡಿ ಮುಚ್ಚಿಕೊಂಡಳು. ವಿಶಾಖಾ ಒಂದು ಗಳಿಗೆ ಅಮ್ಮನ ಬೈತಲೆಯನ್ನೇ ನೋಡುತ್ತ ನಿಂತಳು. ಆಮೇಲೆ ಹುಬ್ಬಿನ ಗಂಟು ಸಡಿಲಾಯಿತು. ಒಳಲೆಯನ್ನು ಹುಷಾರಾಗಿ ರುಬೀನಾಳ ಬಾಯಿಗೆ ಬಗ್ಗಿಸಿದಳು, ಕೈ ಎಲ್ಲಿಯೂ ನಿಲ್ಲಲಿಲ್ಲ. ಕಹಿನೀರು ಗುಟುಕು ಗುಟುಕಾಗಿ ಇಳಿಯಿತು.

"ಮತ್ತ ಯಾರಿಗೆ?" ಎಂದು ಕೇಳಿದಳು ವಿಶಾಖಾ.

ಆ ಪ್ರಶ್ನೆಗೆ ಮಾತ್ರ ಇಡೀ ವಾರ್ಡು ಒಟ್ಟಿಗೆ ಉತ್ತರ ಕೊಟ್ಟಿತು.